ಚಾಚಾ ಉಳಿಸಿಕೊಟ್ಟ ಎಂಜಿನ್

ಚಾಚಾರ ಗಡ್ಡವೆಲ್ಲ ಬೆಳ್ಳಗಿದ್ದರೂ ತುದಿ ಮಾತ್ರ ಕಪ್ಪು. ಎಂಜಿನ್ ಮೇಲೆ ಬಗ್ಗಿ ಬಗ್ಗಿ ಅಂಟಿದ ಆಯಿಲ್ ಅದು. ಎಡಗಿವಿ ಕೇಳಿಸದ ಕಾರಣ ಬಲಗಿವಿಯನ್ನು ಬಾನೆಟ್ಟಿನೊಳಗೇ ತೂರಿಸುತ್ತಿದ್ದರು.

ಮಲವಗೊಪ್ಪದಲ್ಲಿ ಅವರ ಗ್ಯಾರೇಜು. ನಾನು ಹೊಸಮನೆಯಿಂದ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದೆ. ಸಿಗ್ನಲ್‌ನಲ್ಲಿ ನಿಂತು ಹೊರಟರೆ ಸಾಕು, ವ್ಯಾನು ನೀಲಿ ಹೊಗೆ ಕಕ್ಕತೊಡಗಿತ್ತು. ಸೋಮವಾರದಿಂದ ಈ ಗಾಡಿ ಬೇಡವೆಂದು ಶಾಲೆಯವರು ಹೇಳಿಬಿಟ್ಟರು. ದೊಡ್ಡ ಗ್ಯಾರೇಜೊಂದರ ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು, ಒಳಗಿಂದ ಭುಸುಗುಡುವ ಗಾಳಿ ತೋರಿಸಿ, “ಪಿಸ್ಟನ್ ರಿಂಗ್ ಹೋಗಿದೆ. ಎಂಜಿನ್ ಪೂರ್ತಿ ಬಿಚ್ಬೇಕು, ಒಂದು ತಿಂಗಳು” ಎಂದಿದ್ದ. ತಿಂಗಳು ನಿಂತರೆ ನನ್ನ ರೂಟ್ ಬೇರೆಯವರ ಪಾಲು.

ಗುರುವಾರ ಅಳುಮುಖ ಹೊತ್ತು ಚಾಚಾರ ಬಳಿ ಹೋದೆ.

“ಗಾಳಿ ಬರ್ತದೆ, ಸರಿ ಬೇಟಿ. ಎಲ್ಲಿಂದ ಬರ್ತದೆ ಅಂತ ಅವ್ನು ಹುಡುಕಿದ್ನಾ?”

ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿದರು. ನಾಲ್ಕೂ ಗಟ್ಟಿ, ಹಾಗಾದರೆ ರಿಂಗ್ ಸರಿಯಿದೆ. ಟರ್ಬೊ ಬಿಚ್ಚಿ ಶಾಫ್ಟ್ ಅಲ್ಲಾಡಿಸಿದರು. ಅದೂ ಬಿಗಿ. ಕೊನೆಗೆ ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿ, ಸ್ಪ್ರಿಂಗ್ ತೆಗೆದು, ಒಂದು ವಾಲ್ವನ್ನು ನನ್ನ ಕೈಗೇ ಹಿಡಿಸಿದರು. ಸಡಿಲಾದ ಹಲ್ಲಿನಂತೆ ಅಲ್ಲಾಡಿತು.

“ವಾಲ್ವ್ ಓಡಾಡೋ ಗೈಡ್ ಸವೆದಿದೆ. ಆ ಸಂದಿಯಲ್ಲಿ ಆಯಿಲ್ ಕೆಳಗೆ ಇಳೀತದೆ, ಹೊಗೆ ಮೇಲೆ ನುಗ್ತದೆ, ಅವ್ನು ತೋರಿಸಿದ ಗಾಳಿ ಅದೇ. ಎಂಜಿನ್ ಜೀವಂತ ಇದೆ ಮಾರಾಯ್ತಿ!”

ಶುಕ್ರವಾರ ನಮಾಜ್ ಮುಗಿಸಿದವರೇ ಹೆಡ್ಡನ್ನು ಭದ್ರಾವತಿಯ ಲೇತ್ ಅಂಗಡಿಗೆ ಒಯ್ದು ಹೊಸ ಗೈಡ್ ಕೂರಿಸಿಕೊಂಡು ಬಂದರು. ಭಾನುವಾರ ಸಂಜೆ ಸ್ಟಾರ್ಟ್ ಮಾಡಿಸಿ ಹತ್ತು ನಿಮಿಷ ಸುಮ್ಮನೆ ಬಿಟ್ಟರು. “ಈಗ ಒತ್ತು!” ಆಕ್ಸಿಲರೇಟರ್ ಒತ್ತಿದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ನಿಚ್ಚಳವಾಗಿ ಕಂಡಿತು. ಗಾಳಿ ಬರುತ್ತದೋ ನೋಡಲೆಂದು ಚಾಚಾ ತಿರುಚದೆ ಇಟ್ಟ ಆಯಿಲ್ ಮುಚ್ಚಳ ಹಾರದೆ ಇಟ್ಟಲ್ಲೇ ಕೂತಿತ್ತು. ನಾನು ಹಾರ್ನ್ ಹೊಡೆದೇ ಹೊಡೆದೆ. ಚಾಚಾ ಬಲಗಿವಿ ಮುಚ್ಚಿಕೊಂಡು ನಕ್ಕರು.

ಸೋಮವಾರ ಶಾಲೆಯ ಗೇಟಿನಲ್ಲಿ ಹೆಡ್‌ಮಿಸ್ ವ್ಯಾನಿನ ಹಿಂದೆ ಹೋಗಿ ನಿಂತು ನೋಡಿದರು. “ಹೊಸ ಗಾಡಿನಾ?”

“ಅಲ್ಲ ಮೇಡಂ, ಹಳೇದೇ!”

ರೂಟ್ ಉಳಿಯಿತು, ಅದರಿಂದಲೇ ಮುಂದೆ ಇನ್ನೆರಡು ವ್ಯಾನು ಬಂದವು. ಎರಡನ್ನೂ ಹೆಂಗಸರೇ ಓಡಿಸುತ್ತಾರೆ.

ಹೋದ ವರ್ಷ ಚಾಚಾ ತೀರಿಕೊಂಡರು. ಖಬರಸ್ತಾನಕ್ಕೆ ಹೊರಟ ಅವರ ನೆಂಟರಿಷ್ಟರನ್ನು ನಮ್ಮ ಮೂರು ವ್ಯಾನುಗಳಲ್ಲೇ ಕರೆದೊಯ್ದೆವು. ಎಲ್ಲಕ್ಕಿಂತ ಮುಂದೆ ಹೋದದ್ದು ಆ ಹಳೆಯ ವ್ಯಾನು. ಸ್ಟಿಯರಿಂಗ್ ಹಿಡಿದವಳು ನಾನು.