ದೇವರ ಮನೆಯ ಕಡೆಗಿದ್ದ ಕಿಂಡಿ

ಆ ದಿನ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ಕಂಪ್ಯೂಟರಿನ ಮುಂದೆ ಕುರ್ಚಿಯ ತುದಿಗೆ ಕೂತ ನಾನು. ನನ್ನ ಪಕ್ಕದಲ್ಲಿ ತಾಜಸುಲ್ತಾನಪುರದಿಂದ ಸ್ಕೂಟರ್ ಮೇಲೆ ಬಂದಿದ್ದ ನನ್ನ ಕಾಲೇಜಿನ ಗೆಳೆಯ. ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟವನು. ನಮ್ಮದನ್ನು ಜೋಡಿಸಿ ಕೊಟ್ಟವನೂ ಅವನೇ. ಎದುರಿಗೆ ಆರಾಮ ಕುರ್ಚಿಯಲ್ಲಿ ಪೇಪರು ಹಿಡಿದ ಅಪ್ಪ. ಅಡುಗೆಮನೆಯ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಒಗ್ಗರಣೆ ಹಾಕಿದ ಚುರುಮುರಿಯ, ಸುಸಲಾದ ತಟ್ಟೆ ಹಿಡಿದ ಅವ್ವ.

ನಾವೆಲ್ಲ ನೋಡುತ್ತಿದ್ದದ್ದು ಪರದೆಯ ಮೇಲಿನ ಹಸಿರು ಪಟ್ಟಿಯನ್ನು. ಅದು ತುಂಬುತ್ತ ಬಲಕ್ಕೆ ಸರಿಯಬೇಕು, ಸರಿಯುತ್ತಿರಲಿಲ್ಲ. ಇನ್ನೆಷ್ಟು ಹೊತ್ತು ಬೇಕೆಂದು ಕೆಳಗೆ ಒಮ್ಮೆ ಏಳು ತಾಸು ಎಂದು ತೋರಿಸುವುದು, ಮರುಗಳಿಗೆಗೆ ಎರಡು ದಿನ ಎನ್ನುವುದು.

"ಇದು ಕಮಲಾಪುರ ಬಸ್ಸಿನ ಕಂಡಕ್ಟರ್ ಇದ್ದಂಗ ಅದ ನೋಡಪಾ," ಅಂದರು ಅಪ್ಪ. "ಈಗ ಬಿಟ್ಟೆ ಅಂತಾನ, ಚಾ ಕುಡೀಲಿಕ್ಕ ಹೋಗ್ತಾನ."

ಆ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಇದ್ದದ್ದು ಹಾಡುಗಳು. ಕಮಲಾಪುರದಲ್ಲಿ ನನ್ನ ಸೋದರತ್ತೆ ಇದ್ದಳು. ನಾವು ಅವಳನ್ನು ಅತ್ಯಾ ಎನ್ನುತ್ತಿದ್ದೆವು. ಅವಳೂ ಅವಳ ಹಿರಿಯ ಓರಗಿತ್ತಿ ದೊಡ್ಡಾಕಿಯೂ ಸೇರಿ ಹಾಡುತ್ತಿದ್ದ ಮದುವೆಯ ಹಸೆಯ ಹಾಡು, ಉರುಟಣೆಯ ಹಾಡು, ತೊಟ್ಟಿಲ ಹಾಡುಗಳನ್ನು ಅಪ್ಪ ಎಷ್ಟೋ ವರ್ಷ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಹಿಡಿದು ತಂದಿದ್ದರು. ನನಗೆ ಕನ್ನಡ ಬಂದದ್ದು ಶಾಲೆಯಲ್ಲಲ್ಲ, ಆ ಇಬ್ಬರು ಹೆಂಗಸರ ಬಾಯಿಂದ. ಬೈಗಳೂ ಅಲ್ಲಿಂದಲೇ ಬಂದವು. ಅಪ್ಪ ನಿವೃತ್ತರಾದ ಮೇಲೆ ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರು. ಬೂಸು ಹಿಡಿದು ದನಿ ಎಳೆಯುತ್ತಿದ್ದ ಕ್ಯಾಸೆಟ್ಟುಗಳನ್ನು "ಇನ್ನ ಯಾಕ ಬೇಕು" ಎಂದು ಹೊರಗೆ ಹಾಕಿದರು. ದೊಡ್ಡಾಕಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವಳ ದನಿ ಇನ್ನು ಇದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ.

ಈಗ ಪೆಟ್ಟಿಗೆಯೊಳಗಿಂದ ಕಟ್ ಕಟ್ ಎಂಬ ಸದ್ದು ಬರತೊಡಗಿತ್ತು. ಹಾಡುಗಳನ್ನು ನಕಲಿಸಿಕೊಳ್ಳಲು ಗೆಳೆಯನ ಅಂಗಡಿಯಿಂದಲೇ ಹೊರಗಿಂದ ಹಚ್ಚುವ ಒಂದು ಹಾರ್ಡ್ ಡಿಸ್ಕ್ ತಂದಿದ್ದೆ. ವಾರವೆಲ್ಲ ಒದ್ದಾಡಿದೆ. ವೈರು ಬದಲಿಸಿದೆ, ವೈರಸ್ ಹುಡುಕುವ ಪ್ರೋಗ್ರಾಮನ್ನು ನಿಲ್ಲಿಸಿದೆ, ಬೇಡದ ಫೈಲುಗಳನ್ನು ಅಳಿಸಿದೆ, ವೋಲ್ಟೇಜಿಗೆ ಬೈದೆ. ಪಟ್ಟಿ ಮಾತ್ರ ಆಮೆಯ ಹಾಗೆಯೇ. ಕಡೆಗೆ ಅವನಿಗೆ ಫೋನು ಮಾಡಿದೆ.

ಅವನು ಬಂದು, ಸದ್ದು ಕೇಳಿ, ಮೊದಲು ಅಂದದ್ದು, "ಇದನ್ನ ಬಂದ್ ಮಾಡಬ್ಯಾಡ ಯಾರ್. ಬಂದ್ ಮಾಡಿದ್ರ ಮತ್ತ ಏಳ್ತದೋ ಇಲ್ಲೋ, ಭರೋಸಾ ಇಲ್ಲ." ಆಮೇಲೆ ಡಿಸ್ಕನ್ನು ಎಲ್ಲಿ ಹಚ್ಚಿದ್ದೇನೆಂದು ಬಗ್ಗಿ ನೋಡಿ ಹಣೆ ಬಡಿದುಕೊಂಡ.

"ಅರೆ ಪಂಡಿತಾ, ಮುಂದ ಯಾಕ ಹಚ್ಚೀದಿ? ಮುಂದಿನ ಯುಎಸ್‌ಬಿ ಕಿಂಡಿ ಹಳೇ ನಮೂನಿದು, ಭಾಳ ನಿಧಾನ. ಕ್ಯಾಬಿನೆಟ್ ಅಗ್ಗ ಸಿಕ್ತು ಅಂತ ನಾನೇ ಹಾಕಿದ್ದೆ, ತಪ್ಪು ನಂದೇ. ಹಿಂದಿನವು ಹೊಸಾವು. ಹಿಂದ ಹಚ್ಚು, ಕಾಕು ಇನ್ನೊಂದು ಚಾ ಮಾಡೋದ್ರಾಗ ಎಲ್ಲಾ ಖಲಾಸ್."

"ಇನ್ನೊಂದು ಚಾ ಬೇಕು ಅಂತ ಸೀದಾ ಹೇಳಬಾರದೇನೋ," ಅಂದಳು ಅವ್ವ.

ಎಲ್ಲರೂ ನಕ್ಕೆವು. ನಗುತ್ತಲೇ ಅವನು ಎದ್ದ.

ಇಲ್ಲಿ ನಮ್ಮ ಮನೆಯ ಗೋಡೆಯ ಸಂಗತಿ ಹೇಳಬೇಕು. ಪಡಸಾಲೆಗೂ ದೇವರ ಮನೆಗೂ ನಡುವಿನ ದಪ್ಪ ಗೋಡೆಯಲ್ಲಿ ಒಂದು ಗೂಡಿತ್ತು. ಹಿಂದಿನವರು ಅಲ್ಲಿ ದೀಪ ಇಡುತ್ತಿದ್ದರಂತೆ, ಒಂದೇ ದೀಪದ ಬೆಳಕು ಎರಡೂ ಕಡೆ ಬೀಳಲೆಂದು ಆಚೆಗೂ ಈಚೆಗೂ ತೆರೆದು ಆರುಪಾರು ಬಿಟ್ಟದ್ದು. ಧೂಳು ಕಡಿಮೆ, ತಂಪು ಹೆಚ್ಚು ಎಂದು ಅಪ್ಪ ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರಲ್ಲಿ ಇರಿಸಿದ್ದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು, ಪಕ್ಕದಿಂದ ಕೈ ಹೋಗುತ್ತಿರಲಿಲ್ಲ, ಮುಂದಕ್ಕೆ ಎಳೆದರೆ ಹಿಂದಿನ ಕರೆಂಟಿನ ವೈರು ಕಿತ್ತು ಬರುವುದು. ಮುಖ ನಮ್ಮ ಕಡೆ, ಬೆನ್ನು ದೇವರ ಕಡೆ. ಹಿಂದಿನ ಕಿಂಡಿ ಮುಟ್ಟಬೇಕೆಂದರೆ ದೇವರ ಮನೆಯೊಳಗೆ ಹೋಗಬೇಕು. ನಮ್ಮವರಲ್ಲದವರು ಅಲ್ಲಿಗೆ ಹೋಗುವ ಹಾಗಿರಲಿಲ್ಲ.

ಗೆಳೆಯ ಡಿಸ್ಕಿನ ವೈರು ಕೈಯಲ್ಲಿ ಹಿಡಿದು ಆ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ.

"ಅಯ್ಯ ತಮ್ಮಾ, ಅಲ್ಲಿ..." ಎಂದಳು ಅವ್ವ.

ಮುಂದಿನ ಮಾತು ಆಡಲಿಲ್ಲ. ಆಡುವುದು ಬೇಕಾಗಲೂ ಇಲ್ಲ. ಅವನು ಬಾಗಿಲಿಗೆ ತೂಗುಹಾಕಿದ್ದ ಗಂಟೆಗಳನ್ನು ನೋಡಿದ, ಒಳಗಿನ ನಂದಾದೀಪ ನೋಡಿದ. ಅಪ್ಪ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಅವನು ತಿರುಗಿ ಬಂದು ಕೂತು, ವೈರನ್ನು ಮತ್ತೆ ಮುಂದಿನ ಕಿಂಡಿಗೇ ಸಿಕ್ಕಿಸಿದ.

"ಇರ್ಲಿ ಬಿಡ್ರಿ ಕಾಕಾ. ಮುಂದ ಹಚ್ಚಿದ್ರೂ ಆಗ್ತದ. ಸ್ವಲ್ಪ ತಡಾ ಆಗ್ತದ, ಅಷ್ಟೇ."

ನಾನು ಏಳಬಹುದಿತ್ತು. ನಾನು ಹೋಗಿ ಹಚ್ಚಿದ್ದರೆ ಕ್ಷಣದ ಕೆಲಸ. ಸ್ನಾನವಾಗದೆ ಹೋಗಬಾರದೆಂಬ ನಿಯಮ ನನಗೂ ಇತ್ತು ನಿಜ. ಆದರೆ ಅವ್ವನ ಕಣ್ಣು ತಪ್ಪಿಸಿ ಎಷ್ಟು ಸಲ ಅಲ್ಲಿಂದ ಕೊಬ್ಬರಿ ಕದ್ದು ತಿಂದಿಲ್ಲ! ಆದರೂ ಏಳಲಿಲ್ಲ. ಈಗ ನಾನು ಎದ್ದು ಒಳಗೆ ಹೋದರೆ, ನಾನು ಹೋಗಬಲ್ಲೆ ನೀನು ಹೋಗಲಾರೆ ಎಂದು ಅವನ ಮುಖದ ಮೇಲೆ ಹೇಳಿದಂತೆ. ಹೋಗದಿದ್ದರೆ ಇಬ್ಬರಿಗೂ ಒಂದೇ ಕಟ್ಟು ಎಂದಾಗುತ್ತದೆ. ಅದನ್ನೇ ಮರ್ಯಾದೆ ಎಂದುಕೊಂಡೆ. ಅವನ ಮಾನ ಉಳಿಸುತ್ತಿದ್ದೇನೆಂದು ಒಳಗೊಳಗೆ ಹಿಗ್ಗಿಯೂ ಇದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೀಗೆ ನಾಲ್ಕೂ ಜನ, ನಾಚಿಕೆ ಮುಚ್ಚಿಕೊಳ್ಳಲು, ಬಹಳ ಮಾತಾಡಿದೆವು. ಅವ್ವ ಅವನ ತಟ್ಟೆಗೆ ಬೇಡವೆಂದರೂ ಸುಸಲಾ ಸುರಿದಳು, ಅವನ ತಂಗಿಯ ಬಾಣಂತನ ವಿಚಾರಿಸಿದಳು, ಊಟಕ್ಕೆ ಹೋಳಿಗೆಯನ್ನೇ ಮಾಡಿದಳು. ಅಪ್ಪ ನಿಜಾಮರ ಕಾಲದ ತಮ್ಮ ಉರ್ದು ಮಾಸ್ತರರ ಕತೆ ಹೇಳಿದರು. ಅವನು ಉಂಡ, ನಕ್ಕ, ಅಂಗಡಿಯ ಗಿರಾಕಿಗಳನ್ನು ಅಣಕಿಸಿ ನಮ್ಮನ್ನು ನಗಿಸಿದ. ಪಟ್ಟಿ ಅರ್ಧ ದಾಟಿತು. ಅತ್ಯಾ ಒಬ್ಬಳೇ ಹಾಡಿದ ಹಾಡುಗಳೆಲ್ಲ ಆ ಕಡೆ ಹೋದವು. ಇನ್ನು ಇಬ್ಬರೂ ಕೂಡಿ ಹಾಡಿದವುಗಳ ಸರದಿ.

ಆಗ ಕರೆಂಟು ಹೋಯಿತು.

ಬೇಸಿಗೆಯ ಮಧ್ಯಾಹ್ನ ನಮ್ಮೂರಲ್ಲಿ ಅದೇನು ವಿಶೇಷವಲ್ಲ. ಯುಪಿಎಸ್ ಒಂದಷ್ಟು ಹೊತ್ತು ಕಿರುಚಿ ಕಿರುಚಿ ಸುಮ್ಮನಾಯಿತು. ಫ್ಯಾನೂ ನಿಂತಿತ್ತು. ಕರೆಂಟು ಬಂದ ಮೇಲೆ ಗುಂಡಿ ಒತ್ತಿದರೆ ಪೆಟ್ಟಿಗೆ ಕಟ್ ಕಟ್ ಎಂದಿತು, ಪರದೆ ಕಪ್ಪಗೇ ಉಳಿಯಿತು.

ಅಪ್ಪ ಎದ್ದರು. ಹೊರಗಿನ ಅಂಗಿಯಲ್ಲೇ ದೇವರ ಮನೆಗೆ ನುಗ್ಗಿ, ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ಆ ಕಡೆಯಿಂದ ಈ ಕಡೆಗೆ ದಬ್ಬಿದರು. "ನೋಡಪಾ, ನೋಡು, ಏನರೆ ಮಾಡು," ಎಂದರು ಗೆಳೆಯನಿಗೆ. ಅವನು ಪೆಟ್ಟಿಗೆಯೊಳಗಿನ ಡಿಸ್ಕನ್ನು ಬಿಚ್ಚಿಕೊಂಡು ಅಂಗಡಿಗೆ ಒಯ್ದ. ಒಂದು ವಾರ ಇಟ್ಟುಕೊಂಡು ಏನೇನೋ ಮಾಡಿದ. ಆಮೇಲೆ ತಂದು, ಉಳಿದ ಹಾಡು ಒಂದೂ ಸಿಗಲಿಲ್ಲವೆಂದು ನನ್ನ ಕೈಗೆ ಕೊಟ್ಟ.

"ನೀ ಹೋಗ್ತಿ ಅಂತ ನಾ ಸುಮ್ಮ ಕುಂತೆ," ಅಂದರು ಅಪ್ಪ ನನಗೆ, ಅವನು ಹೋದ ಮೇಲೆ.

"ನಾನರೆ ಏನ ಅಂದೆ? ಪೂರಾ ಅನ್ನಲೇ ಇಲ್ಲಲ್ಲ," ಅಂದಳು ಅವ್ವ, ಸೆರಗಿನಿಂದ ಮೂಗು ಒರೆಸುತ್ತ.



ತಿಂಗಳ ಮೇಲೆ ಗೆಳೆಯನೇ ಬಂದ. "ಅತ್ಯಾನ ಕಡೆ ಹೋಗಾಮು ನಡಿ. ಇನ್ನೊಮ್ಮೆ ಹಾಡಸ್ಕೊಂಡು ಬರಾಮು," ಅಂದ. ಲ್ಯಾಪ್‌ಟಾಪು, ಮೈಕು ಹೊತ್ತುಕೊಂಡು ಇಬ್ಬರೂ ಕಮಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಅತ್ಯಾನ ಮಡಿ ನಮ್ಮ ಮನೆಯದಕ್ಕಿಂತ ಬಿರುಸು. ಅಲ್ಲಿ ಇವನನ್ನು ಎಲ್ಲಿ ಕೂರಿಸುತ್ತಾಳೋ?

ಅವಳು ಬಾಗಿಲಲ್ಲೇ ಸಿಕ್ಕಳು. "ಬಂದ್ರೇನಪಾ ಕಳ್ಳರು! ನಮ್ಮಿಬ್ಬರ ದನಿ ಕಳಕೊಂಡು ಈಗ ಮಾರಿ ತೋರಸ್ಲಿಕ್ಕ ಬಂದ್ರಿ?" ಎಂದವಳು, ನಾವು ಚಪ್ಪಲಿ ಬಿಡುವ ಮೊದಲೇ ಚಾಪೆ ತಂದು ಹೊರಗಿನ ಕಟ್ಟೆಯ ಮೇಲೆ ಹಾಸಿದಳು. "ಒಳಗ ಸೆಕಿ ಭಾಳ. ಇಲ್ಲೇ ಕೂಡ್ರಿ." ತಾನೂ ಅದೇ ಚಾಪೆಯ ಮೇಲೆ ಕೂತಳು. ಗೆಳೆಯನ ಕಡೆ ತಿರುಗಿ, "ನಿಮ್ಮವ್ವ ಹಾಡ್ತಾಳೇನೋ?" ಅಂತ ಕೇಳಿದಳು.

"ಹಾಡ್ತಾಳ್ರೀ ಅತ್ಯಾ. ಬೈಯೋದೂ ರಾಗದಾಗೇ."

ಅತ್ಯಾ ಹೊಟ್ಟೆ ಹಿಡಿದು ನಕ್ಕಳು. ನಾನು ತಲೆ ಎತ್ತಲಿಲ್ಲ. ಇಷ್ಟೇ ಮಾಡಬೇಕಾಗಿತ್ತೇ, ಅವನನ್ನು ತಡೆಯುವ ಬದಲು ನಾವೇ ಎದ್ದು ಅವನಿರುವ ಕಡೆ ಬರುವುದು?

ಅವನು ಮೈಕು ಹಿಡಿದ. ಅತ್ಯಾ ಗಂಟಲು ಸರಿಮಾಡಿಕೊಂಡು, ಉರುಟಣೆಯ ಹಾಡಿಗೆಂದು ಬಾಯಿ ತೆರೆದು, ನಿಂತಳು. ಮತ್ತೊಮ್ಮೆ ತೆರೆದಳು. ತೊಡೆಯ ಮೇಲೆ ತಾಳ ಹಾಕಿದಳು. ತಾಳ ಬಂತು, ಸಾಲು ಬರಲಿಲ್ಲ.

"ದೊಡ್ಡಾಕಿ ಎತ್ತಿಕೊಡ್ತಿದ್ಲು," ಅಂದಳು. "ಆಕಿ ಎತ್ತಿದ್ಲಂದ್ರ ನಾ ಹಿಡೀತಿದ್ದೆ. ಮೊದಲಿನ ಸಾಲು ನಾ ಎಂದೂ ಅಂದಾಕಿನೇ ಅಲ್ಲ ನೋಡಪಾ."

ನನಗೆ ನೆನಪಿದ್ದ ಚೂರುಪಾರು ಹೇಳಿ ನೋಡಿದೆ. "ಅದಲ್ಲ" ಎಂದು ಕೈ ಆಡಿಸಿದಳು.

"ಬಂದ್ ಮಾಡು ಮಗನ ಅದನ್ನ," ಅಂದಳು ಕಡೆಗೆ.

ಗೆಳೆಯ ಬಂದ್ ಮಾಡಿದ. ಅತ್ಯಾ ಒಳಗೆ ಹೋಗಿ ಕೆಂಪು ಬಾಳೆಹಣ್ಣು ತಂದು ಚಾಪೆಯ ನಡುವೆ ಇಟ್ಟಳು. ಮೂವರೂ ತಿಂದೆವು. ಬಿಸಿಲು ಇಳಿದ ಮೇಲೆ ನಾವಿಬ್ಬರು ಸ್ಕೂಟರ್ ಹತ್ತಿ ಕಲಬುರಗಿಗೆ ಹೊರಟೆವು.