ರೈಲಿನಲ್ಲಿ ಬರುತ್ತಿದ್ದ ಚಪ್ಪಲಿ

ಖಾಸಿಂ ಚಾಚಾ ವಾಡಿಯಿಂದ ಶಹಾಬಾದಕ್ಕೆ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಅವರ ಚಪ್ಪಲಿ ರೈಲಿನಲ್ಲಿ ಬರುತ್ತಿದ್ದವು.

ಚಾಚಾ ಶಹಾಬಾದದ ನಮ್ಮ ಓಣಿಯವರೇ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ. ಹುಬ್ಬಿನವರೆಗೂ ಬೂದು ಧೂಳು. ಅವರ ನಿಜವಾದ ಬಣ್ಣ ನಮಗೆ ತಿಳಿಯುತ್ತಿದ್ದದ್ದು ಈದ್ ದಿನ ಮಾತ್ರ. ಹೆಂಡತಿ ಹಲೀಮಾ ಚಾಚಿಯ ತವರು ವಾಡಿ. ಮದುವೆಯ ಹೊಸದರಲ್ಲಿ ಇಬ್ಬರೂ ಅಲ್ಲಿಂದ ತಿರುಗಿ ಬರುವಾಗ, ಪ್ಯಾಸೆಂಜರ್ ಗಾಡಿ ಇನ್ನೊಂದು ಗಾಡಿಯ ದಾರಿ ಕಾಯುತ್ತ ವಾಡಿಯಲ್ಲೇ ಬಿದ್ದುಕೊಂಡಿತ್ತಂತೆ.

"ಇದಕ್ಕಿಂತ ನಾ ಓಡಿ ಮುಂಚೆ ಮುಟ್ತೀನಿ" ಎಂದು ಚಾಚಾ ಗೊಣಗಿದರು.

"ಹಂಗಾದ್ರ ಓಡ್ರಿ, ನೋಡೋಣು!" ಎಂದು ಚಾಚಿ ಅವರ ಚಪ್ಪಲಿ ಕಸಿದು ಮಡಿಲಲ್ಲಿಟ್ಟುಕೊಂಡರು. ಗಾಡಿ ಶಹಾಬಾದ ಮುಟ್ಟಿದಾಗ ಚಾಚಾ ಪ್ಲಾಟ್‌ಫಾರ್ಮಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರಂತೆ. ಆಮೇಲೆ ಪ್ರತಿ ಸಲ ಅದೇ ಆಟ. ವಯಸ್ಸಾಗಿ ಚಾಚಾರ ಮೊಣಕಾಲು ಹಿಡಿದುಕೊಂಡ ಮೇಲೆ ಆಟ ನಿಂತಿತು. "ಇನ್ನೊಮ್ಮೆ ಓಡಿ ತೋರಸ್ರಿ" ಎಂದು ಚಾಚಿ ಕೆಣಕುವುದು ಮಾತ್ರ ನಿಲ್ಲಲಿಲ್ಲ.

ನಾನು ಪಿಯುಸಿ ಫೇಲಾದ ವರ್ಷ ಚಾಚಿ ತೀರಿಕೊಂಡರು. ಚಾಚಾ ಅಳಲಿಲ್ಲ. ಊಟದ ಡಬ್ಬಿ ಹಿಡಿದು ಎಂದಿನಂತೆ ಗಣಿಗೆ ಹೋದರು. ಡಬ್ಬಿ ಖಾಲಿಯಿತ್ತು.

ಕೆಲವು ದಿನಗಳ ಮೇಲೆ ನನ್ನನ್ನು ಕರೆದರು. "ಬಸ್ಯಾ, ನಾ ಮತ್ತ ಓಡಾಕತ್ತೀನಿ. ಗಾಡಿಗಿಂತ ಮುಂಚೆ ಮುಟ್ಟಬೇಕು."

"ಈ ವಯಸ್ಸಿನಾಗ ಯಾಕ್ರಿ ಚಾಚಾ?"

"ಒಳಗ ಏನೂ ಅನಸವಲ್ದು. ಎಲ್ಲಾ ಕಲ್ಲಾಗ್ಯಾದ. ಮುಟ್ಟಿದ್ರ ಏನರ ಅನಸ್ತದೇನೋ ನೋಡ್ತೀನಿ."

ಊರಲ್ಲಿ ಖಾಲಿ ಬಿದ್ದಿದ್ದ ಏಕೈಕ ಆಸ್ತಿ ನಾನು. ಅಣ್ಣನ ಬೂಟಿನೊಳಗೆ ಹತ್ತಿ ತುರುಕಿ, ಜೋಡಿಯಾಗಿ ಓಡಲು ಹೊರಟೆ. ಸಿಗ್ನಲ್ ಕಂಬದ ತನಕ ನಾನೇ ಮುಂದೆ. ಅಲ್ಲಿ ಒಂದು ಎಮ್ಮೆ ನನ್ನನ್ನು ಹಿಂದೆ ಹಾಕಿತು. ಅದು ಓಡುತ್ತಿರಲಿಲ್ಲ, ಮೇಯುತ್ತಿತ್ತು.

"ನೀ ಓಡಬ್ಯಾಡಪಾ" ಅಂದರು ಚಾಚಾ. "ಚಪ್ಪಲಿ ಹಿಡಕೊಂಡು ಗಾಡ್ಯಾಗ ಖಿಡಕಿ ಬಾಜೂಕ ಕುಂದ್ರು. ಅಕಿ ಅಲ್ಲೇ ಕುಂದರತಿದ್ಳು."

ಹೀಗೆ ನಾನು ಚಾಚಿಯ ಜಾಗಕ್ಕೆ ಬಡ್ತಿ ಪಡೆದೆ. ವಾರದ ಸೂಟಿಯ ದಿನ ಇಬ್ಬರೂ ವಾಡಿಗೆ ಹೋಗುವುದು, ಅವರು ಹಳಿಯ ಪಕ್ಕದ ಕಾಲುದಾರಿಯಲ್ಲಿ ಹೊರಡುವುದು, ಗಾಡಿ ನಡುದಾರಿಯಲ್ಲಿ ಅವರನ್ನು ದಾಟುವುದು. ಒಮ್ಮೆ ಅವರನ್ನು ಹುರಿದುಂಬಿಸಲು ಕಿಟಕಿಯಿಂದ ಚಪ್ಪಲಿ ಬೀಸಿದೆ. ಒಂದು ಕೈಜಾರಿ ಹೋಯಿತು. ಅದನ್ನು ಎತ್ತಿಕೊಂಡೇ ಓಡಿ ಬಂದರು. "ಅರ್ಧಾ ಗೆದ್ದಂಗಾತು ಬಿಡ್ರಿ ಚಾಚಾ" ಅಂದೆ. ನಗಲಿಲ್ಲ. ಬೈಯಲೂ ಇಲ್ಲ. ಕಪಾಳಕ್ಕೊಂದು ಬಿಟ್ಟಿದ್ದರೆ ನನಗೇ ಹಗುರಾಗುತ್ತಿತ್ತು.

ಚಳಿಗಾಲದ ಒಂದು ದಿನ ನಮ್ಮ ಗಾಡಿ ವಾಡಿಯಲ್ಲೇ ಬಿದ್ದುಕೊಂಡಿದ್ದು ತಡವಾಗಿ ಶಹಾಬಾದಕ್ಕೆ ಬಂದಾಗ ಚಾಚಾ ಪ್ಲಾಟ್‌ಫಾರ್ಮಿನಲ್ಲಿದ್ದರು. ಸೊಂಟದ ಮೇಲೆ ಕೈ, ಹಿಮ್ಮಡಿಯಲ್ಲಿ ರಕ್ತ. ಗಾಡಿ ನಿಲ್ಲುವ ಮೊದಲೇ ಹಾರಿದೆ, ಭಜಿ ಮಾರುವವನ ಬುಟ್ಟಿಯ ಮೇಲೆ ಬಿದ್ದೆ, ಬಿದ್ದಲ್ಲಿಂದಲೇ ಕೂಗಿದೆ: "ಚಾಚಾ, ಗೆದ್ರಿ!"

ಅವರು ನನ್ನನ್ನು ನೋಡಲಿಲ್ಲ. ನಾನು ಹಾರಿದ ಬಾಗಿಲನ್ನೇ ನೋಡುತ್ತಿದ್ದರು. ಇಳಿಯುವವರೆಲ್ಲ ಇಳಿದರು. ಗಾಡಿಯ ಕೊನೆಯ ಡಬ್ಬಿ ಕಣ್ಮರೆಯಾಗುವ ತನಕ ಹಾಗೇ ನಿಂತಿದ್ದರು.

"ಏನರ ಅನಸ್ತೇನ್ರಿ?" ಎಂದು ಕೇಳಿದೆ.

"ಕಾಲು ಉರ್ಯಾಕತ್ತಾವ" ಎಂದರು. ಚಪ್ಪಲಿ ತೆಗೆದುಕೊಂಡು ತಿರುಗಿಸಿ ನೋಡಿದರು. "ಅಕಿ ಸೆರಗಿಲೆ ಒರೆಸಿ ಕೊಡತಿದ್ಳು."

ನಾನು ಅವನ್ನು ಇಸಿದುಕೊಂಡು ಅಂಗಿಯಿಂದ ಒರೆಸಿ ಮತ್ತೆ ಕೊಟ್ಟೆ. ಅಂಗಿಯ ತುಂಬ ಭಜಿಯ ಎಣ್ಣೆ. ಚಪ್ಪಲಿ ಮಿರಮಿರ ಮಿಂಚಿದವು. ಚಾಚಾ ಅವನ್ನು ಬಗಲಲ್ಲಿಟ್ಟುಕೊಂಡು ಬರಿಗಾಲಲ್ಲೇ ಮನೆಗೆ ನಡೆದರು.

ಮತ್ತೆ ಓಡಲಿಲ್ಲ. ಬೇಸಿಗೆಯಲ್ಲಿ ಸೇಡಂನ ಮಗಳ ಮನೆಯಲ್ಲೇ ಇರಲು ಹೊರಟರು. ಕಳಿಸಲು ನಾನೇ ಸ್ಟೇಷನ್ನಿಗೆ ಹೋದೆ. ಕಿಟಕಿಯ ಪಕ್ಕ ಕುಳಿತವರು ಕೈ ಹೊರಚಾಚಿದರು.

"ಬಸ್ಯಾ, ನಿನ್ನ ಚಪ್ಪಲಿ ತಾ ಇಲ್ಲಿ."

ಕೊಟ್ಟೆ. ಮಡಿಲಲ್ಲಿಟ್ಟುಕೊಂಡರು. ಗಾಡಿ ಬಿಟ್ಟಿತು.

ಸಿಗ್ನಲ್ ಕಂಬದ ತನಕ ಓಡಿದೆ. ಚಪ್ಪಲಿ ಸೇಡಂಗೆ ಹೋದವು. ಬಿಸಿಲಿಗೆ ಕಾದ ಫರ್ಸಿಯ ಮೇಲೆ ನಡೆಯುತ್ತ ಮನೆಗೆ ಬಂದೆ. ಕಾಲಿಗೆ ಏನೂ ಅನಿಸಲಿಲ್ಲ.