ಎರಡು ಬಾಗಿಲುಗಳ ನ್ಯಾಯಾಲಯ

ಕೋರ್ಟ್‌ನಲ್ಲಿ ಮದುವೆ ಎಂದಾಗ ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ನಮ್ಮದು ಇಗರ್ಜಿಯ ಕ್ರೈಸ್ತ ಮನೆ, ಹುಡುಗನದು ನಾಗಬನದ ಹಿಂದೂ ಮನೆ. ಇಂಥ ಜೋಡಿಗೂ ಅಬುಧಾಬಿಯ ನ್ಯಾಯಾಲಯದಲ್ಲಿ ದಾರಿಯಿದೆ. "ಕೋರ್ಟ್ ಮೆಟ್ಟಿಲು ಹತ್ತುವುದು ಮರ್ಯಾದಸ್ಥರ ಕೆಲಸವಾ?" ಎಂದ ಅಮ್ಮ ಹುಡುಗನ ಕಾರನ್ನೂ ಹತ್ತಲಿಲ್ಲ. ದುಬೈಯ ಅಲ್ ಬರ್ಷಾದಿಂದ ನಾವಿಬ್ಬರೇ ಟ್ಯಾಕ್ಸಿಯಲ್ಲಿ ಹೊರಟೆವು; ಅವನು ಕೋರ್ಟಿನ ಬಾಗಿಲಲ್ಲಿ ಸಿಗುವುದೆಂದು ಮಾತಾಗಿತ್ತು.

ನೋಡಿದರೆ ಆ ಕಟ್ಟಡಕ್ಕೆ ಮೆಟ್ಟಿಲೇ ಇಲ್ಲ! ದಾರಿಯೇ ಮೆತ್ತಗೆ ಏರುತ್ತಾ ಬಿಳಿಕಲ್ಲಿನ ಹಜಾರವಾಗಿಬಿಟ್ಟಿತ್ತು. ಎತ್ತರದ ಕಂಬಗಳು, ಮೇಲೆ ಕಲ್ಲಿನ ಜಾಲರಿ. ಅದರಿಂದ ಸೋಸಿ ಬಂದ ಬಿಸಿಲು ಅಮ್ಮನ ಸೀರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಸರಿಯುತ್ತಿತ್ತು. ಎಲ್ಲಿಂದಲೋ ನೀರಿನ ಸದ್ದು. ಮದುವಣಗಿತ್ತಿ ನಾನು ಎನ್ನುವುದನ್ನೇ ಮರೆತು ತಲೆಯೆತ್ತಿ ನಿಂತೆ.

ನಮ್ಮ ಮಾತು ಕೇಳಿ ಕಾವಲಿನವರೊಬ್ಬರು ಹತ್ತಿರ ಬಂದರು. ಪುತ್ತೂರು ಕಡೆಯ ಬ್ಯಾರಿ ಮುಸ್ಲಿಂ. "ಹಿಂದೆ ಇಲ್ಲಿಯ ಶೇಖ್‌ಗಳು ಕೋಟೆ ಎದುರು ನೆರಳಲ್ಲಿ ಕೂತೇ ನ್ಯಾಯ ಹೇಳ್ತಿದ್ರಂತೆ ಅಮ್ಮ. ಆ ನೆರಳನ್ನೇ ಈಗ ಕಲ್ಲಲ್ಲಿ ಕಟ್ಟಿದ್ದು ಅಂತಾರೆ," ಎಂದರು.

ಒಂದು ಗಂಟೆಯಾಯಿತು. ಹುಡುಗನ ಸುಳಿವಿಲ್ಲ, ಫೋನ್ ಸ್ವಿಚ್ ಆಫ್. ಈಗ ಅಮ್ಮ "ನಾನು ಮೊದಲೇ ಹೇಳಿರ್ಲಿಲ್ವಾ" ಎನ್ನುತ್ತಾಳೆ ಅಂದುಕೊಂಡೆ. ಅವಳು ನನ್ನ ಕೈ ಹಿಡಿದಳು.

"ನಾನೂ ಹೀಗೇ ನಿಂತಿದ್ದೆ ಮಗಾ. ನಿನ್ನ ಅಪ್ಪನ ಸಂಬಂಧ ಬರುವ ಮೊದಲು. ಮಂಗಳೂರಲ್ಲಿ, ಬೇರೊಬ್ಬನ ಜೊತೆ ರಿಜಿಸ್ಟರ್ ಮದುವೆಗೆ ಅಂತ. ಆಫೀಸಿಗೆ ಬೀಗ ಹಾಕುವವರೆಗೂ ಜಗಲಿಯಲ್ಲಿ ನಿಂತೆ. ಅವ ಬರಲೇ ಇಲ್ಲ."

ದೇವರೇ! ಆ ಮೂರು ದಿನದ ಮೌನ ಮರ್ಯಾದೆಯದ್ದಲ್ಲ, ಹೆದರಿಕೆಯದ್ದು. ನನಗೆ ಅಳು ಬಂತು.

ಕಾವಲಿನವರು ಗಾಬರಿಯಾದರು. "ಅಳ್ಬೇಡಿ ಮಾರಾಯ್ರೆ. ನಿಮ್ಮವರದ್ದು ನೀಲಿ ಅಂಗಿಯಾ? ಹಿಂದಿನ ಬಾಗಿಲಲ್ಲೂ ಒಬ್ಬರು ಆಗಿಂದ ಕಾಯ್ತಿದ್ದಾರಂತೆ. ಎರಡೂ ಕಡೆ ಒಂದೇ ಥರ ಕಟ್ಟಿದ್ದಾರಲ್ವಾ, ಎಲ್ಲರಿಗೂ ಬಾಗಿಲು ತಪ್ತದೆ. ಯಲ್ಲಾ, ಆಯ್ತು, ಈಗ್ಲೇ ಕರೆಸ್ತೇನೆ," ಎಂದು ವಾಕಿಟಾಕಿ ತೆಗೆದರು.

ಹಜಾರದ ಆ ತುದಿಯಲ್ಲಿ ನೀಲಿಯದೊಂದು ಚುಕ್ಕಿ ಕಾಣಿಸಿತು. ಕಂಬದಿಂದ ಕಂಬಕ್ಕೆ ದೊಡ್ಡದಾಗುತ್ತಾ, ಮರೆಯಾಗುತ್ತಾ, ಮತ್ತೆ ಕಾಣುತ್ತಾ ಓಡಿ ಬಂತು. ಏದುಸಿರು, ಕೈಯಲ್ಲಿ ಚಾರ್ಜ್ ಮುಗಿದ ಫೋನು, ಮೈಯೆಲ್ಲ ಬೆವರು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಹೋದಳು. ಅಲ್ಲಿಯವರೆಗೆ ಅವನೊಡನೆ ಒಂದು ಮಾತೂ ಆಡಿದವಳಲ್ಲ.

"ಎಂಥ ಮಾರಾಯ ನೀನು! ಹೆಣ್ಣನ್ನು ಹೀಗೆ ನಿಲ್ಲಿಸುವುದಾ?" ಎಂದು ಗದರಿದಳು. "ಇರ್ಲಿ. ಬಂದ್ಯಲ್ಲ, ಸಾಕು," ಎಂದು ಸೆರಗಿನಿಂದ ಅವನ ಮುಖ ಒರೆಸಿದಳು. ಬೆವರು ಹೋದ ಮೇಲೂ ಒರೆಸುತ್ತಲೇ ಇದ್ದಳು.